ಪಕ್ಕದ ಕಾರ್ಡಿಗೆ ಬಿದ್ದ ಹತ್ತು

ಫೆಬ್ರವರಿ 9

ಮಗಳೇ,

ಮನೆಯಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದೇವೆ ಎಂದು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಮುಂದಿನ ಸಾಲು ಓದಿ ನೀನು ಗಾಬರಿಯಾಗುತ್ತೀಯ. ನಿನ್ನ ಅಮ್ಮ ಪಿಸ್ತೂಲು ಹಿಡಿದಿದ್ದಾಳೆ.

ನಿಮ್ಮಪ್ಪನ ಮೇಲೆ ಅಲ್ಲ, ಹೆದರಬೇಡ. ಆದದ್ದು ಇಷ್ಟು. ನಮ್ಮ ಹೊಲಿಗೆ ಅಂಗಡಿಯ ಹಿಂದಿನ ಬೀದಿಯಲ್ಲಿ, ಹಳೆಯ ಐಸ್ ಕಾರ್ಖಾನೆಯ ಕಟ್ಟಡದಲ್ಲಿ ಒಂದು ಶೂಟಿಂಗ್ ಕ್ಲಬ್ ಇದೆಯಲ್ಲ, ಅಲ್ಲಿಂದ ಒಂದು ಕೋಟು ರಿಪೇರಿಗೆ ಬಂತು. ರೈಫಲ್ ಹಿಡಿಯುವವರು ಹಾಕಿಕೊಳ್ಳುವ ದಪ್ಪ ಕ್ಯಾನ್ವಾಸಿನ ಕೋಟು. ತೋಳಿನ ಹೊಲಿಗೆ ಬಿಟ್ಟಿತ್ತು. ಮಿಷನ್ನಿನ ಎರಡು ಸೂಜಿ ಮುರಿದು ಮೂರನೆಯದಕ್ಕೆ ದಾರಿಗೆ ಬಂತು. ಕೊಟ್ಟುಬರಲು ಹೋದಾಗ ಅಲ್ಲಿಯ ಕೋಚ್ ಸಿಕ್ಕರು. ಅವರನ್ನು ಎಲ್ಲರೂ ಕರ್ನಲ್ ಎನ್ನುತ್ತಾರೆ. ಸೈನ್ಯದ ಬಾಗಿಲು ಕೂಡ ಕಂಡವರಲ್ಲ, ಮದುವೆ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದರಂತೆ. ಮೀಸೆ ಮಾತ್ರ ಕರ್ನಲ್ಲರದು.

ನಾನು ಕೋಟಿಗೆ ಕೊನೆಯ ಗುಂಡಿ ಅಲ್ಲೇ ನಿಂತು ಹೊಲಿದುಕೊಟ್ಟೆ. ಅವರು ನನ್ನ ಕೈಯನ್ನೇ ನೋಡುತ್ತಿದ್ದು, "ನಿಮ್ಮ ಕೈ ನಡುಗೋದೇ ಇಲ್ಲವಲ್ಲ ತಾಯಿ. ಐದು ಗುಂಡು ಹೊಡೆದು ನೋಡಿ" ಎಂದರು.

"ನಾನು ಗುಂಡಿ ಹೊಲಿಯೋಳು, ಗುಂಡು ಹೊಡೆಯೋಳಲ್ಲ" ಎಂದೆ.

ಆದರೂ ಹೊಡೆದೆ. ನಾಲ್ಕು ಗೋಡೆಗೆ ಹೋದವು. ಐದನೆಯದು ಕಾರ್ಡಿನ ಕಪ್ಪು ವೃತ್ತದ ಅಂಚಿಗೆ ತಟ್ ಎಂದು ಬಡಿಯಿತು. ಆ ಸದ್ದಿಗೆ ನನಗೆ ಎಷ್ಟು ಸಂತೋಷವಾಯಿತು ಎಂದರೆ, ಅಂಗಡಿಗೆ ಬಂದು ಒಬ್ಬರ ಅಂಗಿಗೆ ಇನ್ನೊಬ್ಬರ ಕಾಲರ್ ಇಟ್ಟುಬಿಟ್ಟೆ.

ಮರುದಿನವೇ ಸೇರಿಕೊಂಡೆ. ಕ್ಲಬ್ಬಿನ ನಿಯಮ ಖಡಕ್ಕಾಗಿದೆ. ಗುಂಡು ಹೊಡೆಯಲು ನಿಲ್ಲುವ ಸಾಲುಗಳು ಕಡಿಮೆ, ಕಾಯುವವರು ಬಹಳ. ಹೊಸಬರು ಆಗಸ್ಟಿನ ಪಂದ್ಯದಲ್ಲಿ ನಲವತ್ತು ಗುಂಡು ಹೊಡೆದು, ಗುಂಡಿಗೆ ಹತ್ತರಂತೆ ನಾನೂರಕ್ಕೆ ಮುನ್ನೂರ ಇಪ್ಪತ್ತು ಅಂಕ ತೆಗೆಯಬೇಕು. ತೆಗೆದರೆ ಸಾಲು ನಮ್ಮದು. ಇಲ್ಲದಿದ್ದರೆ ಕೈಮುಗಿದು ಹೊರಡಬೇಕು.

ನಿಮ್ಮಪ್ಪ ಕೇಳಿ, "ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಐವತ್ತಮೂರಕ್ಕೆ ಪಿಸ್ತೂಲಾ?" ಎಂದು ನಕ್ಕರು. ಊಟ ಮುಗಿಯುವ ಹೊತ್ತಿಗೆ ಪಿಸ್ತೂಲು ಹೇಗೆ ಹಿಡಿಯಬೇಕು ಎಂದು ನನಗೇ ಪಾಠ ಶುರು ಮಾಡಿದ್ದರು. ಜೀವಮಾನದಲ್ಲಿ ಮುಟ್ಟಿದವರಲ್ಲ. ತಮ್ಮ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು ಕೂತು, ಹೇಳಿಕೊಡದೆ ಇರುವುದೇ ಅವರಿಗೆ ಮರೆತುಹೋಗಿದೆ.

ನನಗೆ ಆ ಸಾಲು ಬೇಕು ಮಗಳೇ. ಯಾಕೆ ಎಂದು ಕೇಳಬೇಡ, ನನಗೂ ಸರಿಯಾಗಿ ಗೊತ್ತಿಲ್ಲ. ಅಲ್ಲಿ ನಿಂತಾಗ ನನಗೆ ಯಾರೂ ಏನೂ ಹೇಳುವುದಿಲ್ಲ.

ನಿನ್ನ ದ್ವೀಪದಲ್ಲಿ ಚಳಿ ಎಷ್ಟಿದೆ, ಉಣ್ಣೆಯ ಒಳಂಗಿ ಹಾಕಿಕೊಳ್ಳುತ್ತಿದ್ದೀಯ ತಾನೆ?

ನಿನ್ನ
ಅಮ್ಮ


ಮಾರ್ಚ್ 14

ಅಮ್ಮಾ,

ನಿನ್ನ ಪತ್ರವನ್ನು ಊಟದ ಮೇಜಿನ ಮೇಲೆ ಜೋರಾಗಿ ಓದಿದೆ, ಕ್ಷಮಿಸು. ಈ ಹವಾಮಾನ ಕೇಂದ್ರದಲ್ಲಿ ಇರುವುದು ಮೂರೇ ಜನ. ನಾನು, ನನ್ನ ಮೇಲಿನ ಅಧಿಕಾರಿ, ಮತ್ತೆ ಅಡುಗೆಯವರು. ರೇಡಿಯೋದಲ್ಲಿ ಗಾಳಿ ಮಳೆಯ ಲೆಕ್ಕ ಕಳಿಸುವುದು ಬಿಟ್ಟರೆ ಮನೆಯವರ ಜೊತೆ ಮಾತಿಗೆ ಅವಕಾಶವಿಲ್ಲ. ಆದ್ದರಿಂದ ಸಾಮಾನಿನ ದೋಣಿ ಬಂದ ದಿನ ಒಬ್ಬರ ಪತ್ರ ಎಲ್ಲರ ಪತ್ರ. ಅಧಿಕಾರಿ ಗಂಭೀರ ಮನುಷ್ಯ, ನಗುವುದೇ ಅಪರೂಪ. "ಒಬ್ಬರ ಅಂಗಿಗೆ ಇನ್ನೊಬ್ಬರ ಕಾಲರ್" ಎಂಬಲ್ಲಿ ಅವರಿಗೆ ಚಹಾ ನೆತ್ತಿಗೇರಿತು.

ನಾನು ಬೆಳಿಗ್ಗೆ ಬೆಳಿಗ್ಗೆ ಬಲೂನು ಬಿಡುತ್ತೇನೆ. ಅದು ಎಷ್ಟು ಎತ್ತರಕ್ಕೆ ಹೋಯಿತು, ಗಾಳಿ ಅದನ್ನು ಯಾವ ಕಡೆಗೆ ಎಳೆಯಿತು ಎಂದು ನೋಡುವುದೇ ಕೆಲಸ. ಬಿಟ್ಟ ಮೇಲೆ ಅದಕ್ಕೆ ಯಾರೂ ದಾರಿ ಹೇಳುವುದಿಲ್ಲ. ನನಗೆ ಇಲ್ಲಿ ಇಷ್ಟವಾಗಿರುವುದು ಅದೇ.

ಪಾಠ ಹೇಳುವವರ ಬಗ್ಗೆ ಬರೆದಿದ್ದೀಯ. ನಾನು ಏನೂ ಹೇಳುವುದಿಲ್ಲ. ನನ್ನನ್ನು ಒಂದು ಮಾತು ಕೇಳದೆ ಡ್ರೈವಿಂಗ್ ಸ್ಕೂಲಿನ ಬೋರ್ಡಿಗೆ "ಮತ್ತು ಮಗಳು" ಎಂದು ಬರೆಸಿದವರು, ನಾನು ಈ ಕೆಲಸಕ್ಕೆ ಹೊರಟಾಗ ಬಾಗಿಲ ತನಕವೂ ಬರಲಿಲ್ಲ. ಆ ಬೋರ್ಡು ಇನ್ನೂ ಹಾಗೇ ಇದೆಯಾ ಎಂದು ಕೇಳಬಾರದು ಅಂದುಕೊಂಡಿದ್ದೆ. ಕೇಳಿಬಿಟ್ಟೆ, ಇರಲಿ.

ನೀನು ಮುನ್ನೂರ ಇಪ್ಪತ್ತು ತೆಗೆಯಲೇಬೇಕು. ಅಡುಗೆಯವರು ನಿನ್ನ ಪರವಾಗಿ ಬಾಜಿ ಕಟ್ಟಲು ಎದುರಾಳಿ ಹುಡುಕುತ್ತಿದ್ದಾರೆ. ಅಧಿಕಾರಿಯೂ ನಾನೂ ನಿನ್ನ ಕಡೆಯೇ ಆದ್ದರಿಂದ ಯಾರೂ ಸಿಕ್ಕಿಲ್ಲ.

ಒಳಂಗಿ ಹಾಕಿಕೊಂಡೇ ಇದ್ದೇನೆ.

ನಿನ್ನ
ಮಗಳು


ಏಪ್ರಿಲ್ 20

ಮಗಳೇ,

ಬೋರ್ಡು ಹಾಗೇ ಇದೆ. ಅದರ ಮಾತು ಈಗ ಬೇಡ.

ನನ್ನ ಗುಂಡುಗಳು ಕಾರ್ಡಿನ ಎಲ್ಲ ಮೂಲೆಗಳಿಗೂ ಹೋಗಿ ಬಂದಿವೆ, ನಡುವಿಗೆ ಮಾತ್ರ ಹೋಗಲೊಲ್ಲವು. ಪಿಸ್ತೂಲು ಹಗುರ ಎಂದುಕೊಂಡರೆ ಅಲ್ಲ, ಒಂದೇ ಕೈಯಲ್ಲಿ ನೀಡಿ ಹಿಡಿಯಬೇಕು. ತೋಳಿಗೆ ಬಲ ಬರಲಿ ಎಂದು ಅಂಗಡಿಯಲ್ಲಿ ಇಸ್ತ್ರಿ ಪೆಟ್ಟಿಗೆಯನ್ನು ಕೈಚಾಚಿ ಹಿಡಿದು ನಿಲ್ಲುತ್ತೇನೆ. ಮೊನ್ನೆ ಪ್ಯಾಂಟು ತಡವಾಯಿತೆಂದು ಜಗಳಕ್ಕೆ ಬಂದವರೊಬ್ಬರು ನಾನು ನಿಂತ ಭಂಗಿ ನೋಡಿ, "ಅವಸರ ಏನಿಲ್ಲ, ನಿಧಾನಕ್ಕೆ ಕೊಡಿ" ಎಂದು ಹೋಗಿಬಿಟ್ಟರು.

ಬಲ ಬಂತು, ಗುರಿ ಬರಲಿಲ್ಲ. ಕರ್ನಲ್ ಒಂದು ವಾರ ನನ್ನ ಕೈ ನೋಡಿದರು, ಕಾಲು ನೋಡಿದರು. ಕೊನೆಗೆ ಪಕ್ಕಕ್ಕೆ ಬಂದು ಕಣ್ಣು ನೋಡಿದರು.

"ಎಲ್ಲಿ ನೋಡ್ತಿದ್ದೀರಿ?"

"ಕಪ್ಪು ವೃತ್ತಾನ. ಹೊಡೀಬೇಕಾದ್ದು ಅದಕ್ಕೇ ತಾನೆ?"

"ಅಲ್ಲೇ ಎಡವಿದ್ದು" ಎಂದರು.

ಪಿಸ್ತೂಲಿನ ನಳಿಗೆಯ ತುದಿಯಲ್ಲಿ ಒಂದು ಪುಟ್ಟ ಕಡ್ಡಿ ಎದ್ದು ನಿಂತಿರುತ್ತದೆ. ಕಣ್ಣು ಇರಬೇಕಾದದ್ದು ಅದರ ಮೇಲಂತೆ. ಅದು ಸ್ಪಷ್ಟವಾಗಿ ಕಂಡರೆ ದೂರದ ವೃತ್ತ ಮಸುಕಾಗುತ್ತದೆ, ಆಗಲಿ ಬಿಡಬೇಕಂತೆ. ಗುರಿಯನ್ನೇ ನೋಡಬಾರದು ಎಂಬ ಆಟ ಇದೆಂಥ ಆಟವೋ. ನನಗೆ ಇದು ಬರುವುದೇ ಇಲ್ಲ ಮಗಳೇ. ಇಷ್ಟು ವರ್ಷ ಹೊಲಿದವಳು ನಾನು. ಹೊಲಿಯುವಾಗ ಯಾರೂ ಸೂಜಿ ನೋಡುವುದಿಲ್ಲ. ಸೂಜಿ ನೋಡಿದರೆ ಹೊಲಿಗೆ ಸೊಟ್ಟಗಾಗುತ್ತದೆ. ಬಟ್ಟೆ ಮುಂದೆ ಎಲ್ಲಿಗೆ ಹೋಗಬೇಕೋ ಅಲ್ಲಿ ಕಣ್ಣಿರಬೇಕು. ಪಿಸ್ತೂಲು ಎತ್ತಿದ ಕೂಡಲೇ ನನ್ನ ಕಣ್ಣು ತಾನೇ ಮುಂದಕ್ಕೆ ಓಡುತ್ತದೆ.

ಮನೆಗೆ ಬಂದರೆ ಇನ್ನೊಬ್ಬರು ಗುರುಗಳು ಕಾದಿರುತ್ತಾರೆ. ಮಲಗುವ ಕೋಣೆಯ ಗೋಡೆಗೆ ಬೂಟ್ ಪಾಲಿಶಿನಲ್ಲಿ ಒಂದು ಕಪ್ಪು ವೃತ್ತ ಬರೆದಿದ್ದಾರೆ. ಇನ್ನು ಅದು ಸುಣ್ಣ ಹೊಡೆದರೂ ಹೋಗುವುದಿಲ್ಲ. ನಾನು ಕೈ ಎತ್ತಿ ನಿಂತರೆ ಸಾಕು, ಮಂಚದ ಮೇಲಿಂದ ಶುರು. "ದೂರ ನೋಡು, ದೂರ. ಬಾನೆಟ್ ನೋಡ್ಕೊಂಡು ಗಾಡಿ ಓಡಿಸಿದೋರು ಯಾರಾದ್ರೂ ಮನೆ ಸೇರಿದ್ದಾರಾ?" ಎನ್ನುತ್ತಾರೆ. ಕರ್ನಲ್ ಹೇಳಿದ್ದು ಅದರ ತದ್ವಿರುದ್ಧ ಎಂದೆ. "ಡ್ರಮ್ ಬಾರಿಸೋನಿಗೆ ಏನು ಗೊತ್ತು" ಎಂದರು. ನಾನು ಖಾಲಿ ಕೈಯಲ್ಲೇ ಟ್ರಿಗರ್ ಒತ್ತಿದಂತೆ ಮಾಡಿದಾಗಲೆಲ್ಲ ಅವರ ಬಲಗಾಲು ನೆಲ ಒತ್ತುತ್ತದೆ. ಕಾರಿನಲ್ಲಿ ಕಲಿಸುವವರ ಕಡೆ ಇರುತ್ತದಲ್ಲ ಎರಡನೆಯ ಬ್ರೇಕು, ಅದನ್ನು ಮನೆಯಲ್ಲೂ ಒತ್ತುತ್ತಾರೆ.

ಮೊನ್ನೆ ಬೇಸರಕ್ಕೆ ಬಿಟ್ಟುಬಿಡೋಣ ಎನ್ನಿಸಿತು. ಬಿಟ್ಟಿಲ್ಲ.

ನಿನ್ನ
ಅಮ್ಮ

(ಇದು ನಾನು ಬರೆಯುತ್ತಿರುವುದು. ನಿಮ್ಮಮ್ಮ ಉಸಿರು ಬಿಗಿಹಿಡಿದು ಹೊಡೆಯುತ್ತಾಳೆ. ನನ್ನ ಮಾತು ಕೇಳುವುದಿಲ್ಲ, ನೀನಾದರೂ ಹೇಳು. — ಅಪ್ಪ)


ಮೇ 17

ಅಮ್ಮಾ,

ದೋಣಿ ಹೊರಡುವ ಆತುರದಲ್ಲಿದೆ, ಅದಕ್ಕೆ ಇದು ಗಿಡ್ಡ ಪತ್ರ.

ಹೊಲಿಯುವಾಗ ಮುಂದೆ ನೋಡುತ್ತೀಯ, ಸರಿ. ಸೂಜಿಗೆ ದಾರ ಪೋಣಿಸುವಾಗ ಎಲ್ಲಿ ನೋಡುತ್ತೀಯ?

ನಾನು ಚಿಕ್ಕವಳಿದ್ದಾಗ ಮಿಷನ್ನಿನ ಆಚೆ ಕಡೆ ಕೂತು, ನೀನು ದಾರ ಪೋಣಿಸುವಾಗ ನಿನಗೆ ನಾಲಿಗೆ ಚಾಚಿ ಅಣಕಿಸುತ್ತಿದ್ದೆ. ಕಣ್ಣು ಮೇಲೆ ಮಾಡುತ್ತಿದ್ದೆ, ಮೂಗು ಒತ್ತಿ ಹಂದಿಯಾಗುತ್ತಿದ್ದೆ. ಒಂದು ದಿನವೂ ನೀನು ಬೈಯಲಿಲ್ಲ. ಅಮ್ಮ ಎಷ್ಟು ಒಳ್ಳೆಯವಳು ಎಂದುಕೊಂಡಿದ್ದೆ. ಆಮೇಲೆ ತಿಳಿಯಿತು, ನಿನಗೆ ನನ್ನ ಮುಖ ಕಾಣುತ್ತಲೇ ಇರಲಿಲ್ಲ. ನಿನಗೆ ಕಾಣುತ್ತಿದ್ದದ್ದು ಸೂಜಿಯ ಕಣ್ಣು ಒಂದೇ.

ಹಾಗೆ ನೋಡು. ಕಪ್ಪು ವೃತ್ತ ನಾನೇ ಅಂದುಕೋ, ಹಿಂದಿನಿಂದ ಅಣಕಿಸುತ್ತಿದ್ದೇನೆ ಅಂದುಕೋ.

ಪತ್ರದ ಕೊನೆಯ ಸಾಲುಗಳನ್ನೂ ಓದಿದೆ. ಉಸಿರು ಬಿಗಿಹಿಡಿಯಬೇಡ. ಇದು ನಾನು ಹೇಳುತ್ತಿರುವುದು, ಬೇರೆ ಯಾರೂ ಹೇಳಿಸಿದ್ದಲ್ಲ.

ನಿನ್ನ
ಮಗಳು


ಜೂನ್ 25

ಮಗಳೇ,

ನಿನ್ನನ್ನು ಹೆತ್ತದ್ದು ಸಾರ್ಥಕವಾಯಿತು. ಹಂದಿ ಮೂಗಿನ ಲೆಕ್ಕ ಮಾತ್ರ ನೀನು ಬಂದಾಗ ತೀರಿಸಿಕೊಳ್ಳುತ್ತೇನೆ.

ಪತ್ರ ಬಂದ ಸಂಜೆಯೇ ಕ್ಲಬ್ಬಿಗೆ ಹೋದೆ. ಪಿಸ್ತೂಲು ಎತ್ತಿದೆ, ತುದಿಯ ಕಡ್ಡಿಯನ್ನು ಸೂಜಿಯ ಕಣ್ಣು ಎಂದುಕೊಂಡೆ. ಆಚೆಯ ಕಪ್ಪು ಮೆಲ್ಲಗೆ ಮಸುಕಾಯಿತು. ಎಷ್ಟು ಸುಲಭವಾಗಿ ಆಯಿತು ಎಂದರೆ ನನಗೆ ನಗು ಬಂತು. ಎಂಟು, ಒಂಬತ್ತು, ಎಂಟು, ಒಂಬತ್ತು. ಕರ್ನಲ್ ಮೀಸೆ ಸವರಿಕೊಂಡು, "ಯಾರು ಹೇಳಿಕೊಟ್ಟರು?" ಎಂದರು. "ಮಗಳು, ಹವಾಮಾನ ಇಲಾಖೆ" ಎಂದೆ.

ಇನ್ನೊಂದು ಸುದ್ದಿ. ಹೊಡೆಯುವಾಗ ಖಾಲಿ ಕೈಯನ್ನು ಜೇಬಿನಲ್ಲಿ ಇಟ್ಟುಕೊಂಡರೆ ಮೈ ಅಲ್ಲಾಡುವುದಿಲ್ಲ. ನೋಡಿದರೆ ನನ್ನ ಒಂದು ಬಟ್ಟೆಗೂ ಜೇಬಿಲ್ಲ. ಊರಿನವರಿಗೆಲ್ಲ ಜೇಬು ಹೊಲಿದುಕೊಟ್ಟವಳು, ನನಗೆ ಒಂದು ಬೇಕೆಂದು ಹೊಳೆದೇ ಇರಲಿಲ್ಲ. ಈಗ ಎಲ್ಲ ಬಟ್ಟೆಗೂ ಹೊಲಿದುಕೊಂಡಿದ್ದೇನೆ, ಆಳವಾಗಿ, ಮೊಣಕೈ ತನಕ ಹೋಗುವಂತೆ.

ಅಭ್ಯಾಸದಲ್ಲಿ ಮುನ್ನೂರ ಇಪ್ಪತ್ತಾರು ಬಂತು. ಆಮೇಲೆ ಕಳೆದ ಭಾನುವಾರ ಕರ್ನಲ್ ಒಂದು ನಕಲಿ ಪಂದ್ಯ ಇಟ್ಟರು, ಮನೆಯವರು ಬಂದು ನೋಡಬಹುದು ಎಂದರು. ನಿಮ್ಮಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಬಂದರು. ಹೊಡೆಯುವವರ ಹಿಂದಿನ ಗಾಜಿನ ಗೋಡೆಯ ಆಚೆ ನಿಂತರು. ಒಂದು ಮಾತೂ ಆಡಲಿಲ್ಲ, ಅದನ್ನು ಒಪ್ಪಬೇಕು. ಆದರೆ ನನ್ನ ಬೆನ್ನಿಗೆ ಎಲ್ಲ ಗೊತ್ತಾಗುತ್ತಿತ್ತು. ಕೈ ಎತ್ತಿದರೆ ಅವರ ಕಾಲು ನೆಲ ಒತ್ತಿತು ಎಂದು ಗೊತ್ತಾಗುತ್ತಿತ್ತು. ಗುಂಡು ಹಾರುವ ಮೊದಲೇ ಅದು ತಪ್ಪಿತು ಎಂದು ಅವರ ಮುಖ ಹೇಳುವುದು ಗೊತ್ತಾಗುತ್ತಿತ್ತು. ಬಂದದ್ದು ಇನ್ನೂರ ಎಂಬತ್ತನಾಲ್ಕು. ಕರ್ನಲ್ ಅಡ್ಡಗೋಡೆಯ ಮೇಲೆ ದೀಪ ಇಡುವವರಲ್ಲ. "ಆಗಸ್ಟಲ್ಲೂ ಹೀಗೇ ಆದ್ರೆ ಸಾಲು ಬಿಟ್ಟುಕೊಡಬೇಕಾಗುತ್ತೆ ತಾಯಿ" ಎಂದರು.

ಬರುವಾಗ ಕಾರಿನಲ್ಲಿ ನಿಮ್ಮಪ್ಪ ನನ್ನ ನಲವತ್ತೂ ತಪ್ಪುಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದರು. ಮನೆ ಬಂತು. ನಾನು ಇಳಿಯಲಿಲ್ಲ. "ರೀ, ಪಂದ್ಯದ ದಿನ ನೀವು ಬರಬೇಡಿ" ಎಂದೆ.

ಮದುವೆಯಾದಾಗಿನಿಂದ ಅವರಿಗೆ ನಾನು "ಬೇಡಿ" ಎಂದದ್ದು ಅದೇ ಮೊದಲು. ಅವರಿಗೆ ಅರ್ಥವೇ ಆಗಲಿಲ್ಲ. "ನಾನು ಬರದೆ ನಿನಗೆ ಯಾರಿದ್ದಾರೆ?" ಎಂದರು. ಕೋಪಕ್ಕೆ ಹೇಳಿದ್ದಲ್ಲ, ನಿಜವಾಗಿ ಕೇಳಿದರು. ಆಗಿನಿಂದ ಮುಖ ಊದಿಸಿಕೊಂಡಿದ್ದಾರೆ. ಉಪ್ಪು ಬೇಕಾದರೂ ಗೋಡೆಗೆ ಹೇಳುತ್ತಾರೆ.

ಆದರೂ ನಾನು ಮಾತು ಹಿಂದಕ್ಕೆ ತೆಗೆದುಕೊಂಡಿಲ್ಲ. ನೀನು ದೋಣಿ ಹತ್ತುವ ಹಿಂದಿನ ದಿನ ಅವರ ಮುಂದೆ ನಿಂತು "ನಾನು ಹೋಗ್ತೀನಿ ಅಪ್ಪ" ಎಂದಾಗ ನಾನು ಒಗ್ಗರಣೆ ಸೀದುಹೋಗುತ್ತದೆ ಎಂದು ಒಳಗೆ ಹೋದೆ. ನಿನಗೆ ಆವತ್ತು ಎಷ್ಟು ಧೈರ್ಯ ಬೇಕಾಯಿತು ಎಂದು ನನಗೆ ಈಗ ಗೊತ್ತಾಗುತ್ತಿದೆ.

ನಿನ್ನ
ಅಮ್ಮ


ಜೂನ್ 27

ಚಿ. ಮಗಳಿಗೆ,

ನಿಮ್ಮಮ್ಮನ ಪತ್ರದ ಜೊತೆಯಲ್ಲೇ ಇದೂ ಬರುತ್ತದೆ. ನಾನು ಬರೆದದ್ದು ಅವಳಿಗೆ ಗೊತ್ತಿಲ್ಲ.

ವಿಷಯ ಏನೆಂದರೆ, ಪಂದ್ಯಕ್ಕೆ ಬರಬೇಡಿ ಎಂದಿದ್ದಾಳೆ. ಸರಿ. ಆದರೆ ಅವಳು ಇನ್ನೂ ಟ್ರಿಗರನ್ನು ಗಡಿಬಿಡಿಯಲ್ಲಿ ಎಳೆಯುತ್ತಾಳೆ. ಅದನ್ನು ಹೇಳುವವರು ಬೇಡವೇ? ಎದುರಿಗೆ ಹಳ್ಳ ಕಂಡರೂ ಬ್ರೇಕ್ ಒತ್ತದೆ ಕೂರುವುದು ಹೇಗೆ? ನನಗೆ ಅದು ಗೊತ್ತಿಲ್ಲ. ನಿನಗೆ ಗೊತ್ತಿದ್ದರೆ ಬರಿ.

ಡ್ರೈವಿಂಗ್ ಸ್ಕೂಲಿನ ಬೋರ್ಡಿಗೆ ಹೊಸ ಬಣ್ಣ ಹೊಡೆಸಿದೆ. ಬಿಸಿಲಿಗೆ ಹಾಳಾಗಿತ್ತು. ಎರಡನೆಯ ಸಾಲಿನ ಅಕ್ಷರ ತೀರಾ ಮಾಸಿದ್ದರಿಂದ ಅದನ್ನು ಪೂರ್ತಿ ತೆಗೆಸಬೇಕಾಯಿತು. ಬಣ್ಣದವನಿಗೆ ಬೇರೆ ದಾರಿ ಇರಲಿಲ್ಲ.

ಅಲ್ಲಿ ಗಾಳಿ ಜಾಸ್ತಿ ಎಂದು ರೇಡಿಯೋದಲ್ಲಿ ದಿನಾ ಹೇಳುತ್ತಾರೆ. ಬೆಳಿಗ್ಗೆ ಹೇಳುವ ಆ ಲೆಕ್ಕ ನೀನು ಕಳಿಸಿದ್ದೇ ಎಂದು ನಿಮ್ಮಮ್ಮ ಹೇಳಿದಳು. ತಪ್ಪದೆ ಕೇಳುತ್ತೇನೆ.

ಇಂತಿ,
ಅಪ್ಪ


ಜುಲೈ 19

ಅಪ್ಪ,

ನಿಮ್ಮ ಪತ್ರ ತಲುಪಿತು. ಬೋರ್ಡಿನ ಅಕ್ಷರ ಬಿಸಿಲಿಗೆ ಮಾಸಿದ್ದು ಗೊತ್ತಾಯಿತು. ಅದು ನೆರಳಿನಲ್ಲಿರುವ ಬೋರ್ಡು. ಇರಲಿ, ಬಿಸಿಲು ಎಲ್ಲಿಂದಲೋ ಬಂದಿರಬೇಕು.

ಕೂರುವುದು ಹೇಗೆ ಎಂದು ಕೇಳಿದ್ದೀರಿ. ನೀವು ಕಲಿಸಿದವರು ಲೈಸೆನ್ಸಿಗೆ ಪರೀಕ್ಷೆ ಕೊಡುವ ದಿನ ಏನು ಮಾಡುತ್ತೀರಿ? ಕಾರಿನಿಂದ ಇಳಿಯುತ್ತೀರಿ. ಪರೀಕ್ಷೆ ಮಾಡುವವರು ನಿಮ್ಮ ಸೀಟಿನಲ್ಲಿ ಕೂರುತ್ತಾರೆ. ನೀವು ಮೈದಾನದ ಗೋಡೆಯ ಆಚೆ ನಿಲ್ಲುತ್ತೀರಿ. ನಾನು ಪರೀಕ್ಷೆ ಕೊಟ್ಟ ದಿನವೂ ಗೋಡೆಯ ಮೇಲೆ ನಿಮ್ಮ ತಲೆಗೂದಲು ಮಾತ್ರ ಕಾಣುತ್ತಿತ್ತು. ಆ ದಿನ ನಾನು ಪಾಸಾದದ್ದು ನೀವು ಕಾರಿನಲ್ಲಿ ಇಲ್ಲದ್ದರಿಂದಲೂ ಹೌದು, ಗೋಡೆಯ ಆಚೆ ಇದ್ದದ್ದರಿಂದಲೂ ಹೌದು.

ಅಮ್ಮನಿಗೂ ಗೋಡೆಯ ಆಚೆ ಇರಿ.

ಈ ಮಾತು ಬರೆದು ಎರಡು ಸಲ ಹರಿದಿದ್ದೆ. ಇದು ಮೂರನೆಯ ಪ್ರತಿ.

ನಿಮ್ಮ
ಮಗಳು


ಆಗಸ್ಟ್ 23

ಮಗಳೇ,

ಕೂತುಕೊಂಡು ಓದು. ನಿಮ್ಮ ಅಧಿಕಾರಿಯ ಕೈಯಲ್ಲಿ ಚಹಾ ಇದ್ದರೆ ಕೆಳಗಿಡಲು ಹೇಳು.

ಪಂದ್ಯದ ಬೆಳಿಗ್ಗೆ ನಿಮ್ಮಪ್ಪ ಕಾರು ತೆಗೆದು ಬಾಗಿಲಲ್ಲಿ ನಿಂತಿದ್ದರು. "ಬಿಟ್ಟು ಬರ್ತೀನಿ, ಒಳಗೆ ಬರಲ್ಲ" ಎಂದರು. ಕ್ಲಬ್ಬಿನ ಗೇಟಿನ ಹೊರಗೆ ನಿಲ್ಲಿಸಿದರು. ನಾನು ಹಿಂದೆ ತಿರುಗಿ ನೋಡದೆ ಒಳಗೆ ಹೋದೆ.

ನಾನು ಅಭ್ಯಾಸ ಮಾಡುತ್ತಿದ್ದದ್ದು ಗೋಡೆಯ ಪಕ್ಕದ ಸಾಲಿನಲ್ಲಿ. ಅಲ್ಲಿ ಎದುರಿಗೆ ಕಾಣುವುದು ಒಂದೇ ಕಾರ್ಡು. ಪಂದ್ಯಕ್ಕೆ ನನಗೆ ಸಿಕ್ಕಿದ್ದು ನಾಲ್ಕನೆಯ ಸಾಲು, ನಟ್ಟನಡುವೆ. ಎಡಕ್ಕೂ ಬಲಕ್ಕೂ ಕಾರ್ಡುಗಳು ಸಾಲಾಗಿ ತೂಗುತ್ತಿದ್ದವು. ಐದನೆಯ ಸಾಲಿನಲ್ಲಿ ಕಾಲೇಜು ಓದುವ ಒಬ್ಬಳು ಹುಡುಗಿ, ಅವಳಿಗೂ ಇದು ಮೊದಲ ಪಂದ್ಯ. ಅವಳು ತನ್ನ ಗುಂಡುಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದಳು. "ಹೆದರ್ಬೇಡ ಕಣೆ, ಇಬ್ಬರೂ ಹೊಸಬರೇ" ಎಂದು ಧೈರ್ಯ ಹೇಳಿದೆ. ದೊಡ್ಡ ಮನುಷ್ಯಳ ಹಾಗೆ.

ಗಂಟೆ ಹೊಡೆಯಿತು. ಉಸಿರು ಬಿಟ್ಟೆ. ಪಿಸ್ತೂಲು ಎತ್ತಿದೆ. ತುದಿಯ ಕಡ್ಡಿ ಅಷ್ಟು ಸ್ಪಷ್ಟವಾಗಿ ಎಂದೂ ಕಂಡಿರಲಿಲ್ಲ. ಆಚೆಗೆ ಮಸುಕು ಕಪ್ಪು. ಬೆರಳು ತಾನೇ ಮಡಚಿಕೊಂಡಿತು, ಗುಂಡು ಹೋಯಿತು. ನನಗೆ ಗೊತ್ತಾಯಿತು, ಇದು ಹತ್ತು. ಕಾರ್ಡು ತೂಗುವ ತಂತಿಯ ಹಿಡಿಕೆ ತಿರುಗಿಸಿ ಅದನ್ನು ಹತ್ತಿರ ತರಿಸಿದೆ. ಕಾರ್ಡು ತೊಳೆದ ತಟ್ಟೆಯ ಹಾಗೆ ಖಾಲಿ.

ಪಕ್ಕದಲ್ಲಿ ಆ ಹುಡುಗಿ ತನ್ನ ಕಾರ್ಡನ್ನು ಕಣ್ಣುಬಾಯಿ ಬಿಟ್ಟು ನೋಡುತ್ತಿದ್ದಳು. ಅವಳು ಇನ್ನೂ ಪಿಸ್ತೂಲನ್ನೇ ಎತ್ತಿರಲಿಲ್ಲ. ಅವಳ ಕಾರ್ಡಿನ ನಟ್ಟನಡುವೆ ಒಂದು ತೂತು.

ತಿಳಿಯಿತಾ ಏನಾಯಿತು ಎಂದು? ನಾನು ನಿನ್ನ ಮಾತನ್ನೂ ಕರ್ನಲ್ ಮಾತನ್ನೂ ಎಷ್ಟು ನಿಷ್ಠೆಯಿಂದ ಪಾಲಿಸಿದೆ ಎಂದರೆ, ಆಚೆಯ ಮಸುಕು ಯಾರದ್ದು ಎಂದು ನೋಡಲೇ ಇಲ್ಲ. ಪಕ್ಕದವಳ ಮಸುಕಿಗೆ ಹೊಡೆದಿದ್ದೆ.

ಕೈ ಎತ್ತಿ ತೀರ್ಪುಗಾರ್ತಿಯನ್ನು ಕರೆದೆ. "ಅದು ನನ್ನದು" ಎಂದೆ. ಅವರು ಎರಡೂ ಕಾರ್ಡು ನೋಡಿದರು. ಹುಡುಗಿಗೆ ಹೊಸ ಕಾರ್ಡು ಕೊಟ್ಟರು. ನನಗೆ ಕೊಟ್ಟದ್ದು ಮೈಕಿನಲ್ಲಿ: "ನಾಲ್ಕನೇ ಸಾಲು, ಮೊದಲ ಗುಂಡು, ಸೊನ್ನೆ." ಇಡೀ ಕಟ್ಟಡಕ್ಕೆ ಕೇಳಿಸಿತು. ಗಾಜಿನ ಆಚೆ ಯಾರೋ ಕಿಸಕ್ಕೆಂದರು.

ಪಿಸ್ತೂಲು ಕೆಳಗಿಟ್ಟೆ. ಕೈ ಗಡಗಡ ಅನ್ನುತ್ತಿತ್ತು. ಎಲ್ಲವನ್ನೂ ಚೀಲಕ್ಕೆ ತುಂಬಿ ಹೊರಟುಬಿಡೋಣ ಎನ್ನಿಸಿತು. ಗೇಟಿನ ಹೊರಗೆ ಕಾರಿದೆ, ಅದರಲ್ಲಿ ಕೂತರೆ ಮನೆ. ಹಾಗೇ ತಲೆ ತಗ್ಗಿಸಿ ನಿಂತಿದ್ದಾಗ, ತೀರ್ಪುಗಾರ್ತಿಯ ಕೈಯಲ್ಲಿ ಆ ಹುಡುಗಿಯ ಹಳೆಯ ಕಾರ್ಡು ಕಂಡಿತು. ತೂತು ಹತ್ತರ ಗೆರೆಯ ಒಳಗೆ ಬೆಳ್ಳಗೆ ಕೂತಿತ್ತು. ಹತ್ತು, ಮಗಳೇ. ಇಷ್ಟು ತಿಂಗಳಲ್ಲಿ ನಾನು ಹೊಡೆದ ಎಲ್ಲಕ್ಕಿಂತ ಒಳ್ಳೆಯ ಗುಂಡು ಅದು. ಗುಂಡಿಯ ಕಾಜ ಅಚ್ಚುಕಟ್ಟಾಗಿಯೇ ಹೊಲಿದಿದ್ದೆ, ಬೇರೆಯವರ ಅಂಗಿಗೆ ಹೊಲಿದಿದ್ದೆ ಅಷ್ಟೇ. ಕಾಲರ್ ಬದಲಾದಾಗ ನಾನು ಅಂಗಡಿ ಮುಚ್ಚಿದ್ದೆನೇನು? ಬಿಚ್ಚಿ ಮತ್ತೆ ಹೊಲಿದೆ. ಇಲ್ಲಿ ಬಿಚ್ಚಲು ಬರುವುದಿಲ್ಲ, ಆದರೆ ಮುಂದಿನದು ಹೊಲಿಯಬಹುದಲ್ಲ.

ಜೇಬಿಗೆ ಕೈ ಇಳಿಸಿದೆ. ಆಮೇಲಿನ ಒಂದೊಂದು ಗುಂಡಿಗೂ ಮೊದಲು ದೂರ ನೋಡಿದೆ, ಕಾರ್ಡಿನ ಮೇಲಿನ ನಾಲ್ಕು ಎಂಬ ಅಂಕಿ ಓದಿದೆ. ಆಮೇಲೆ ಕಣ್ಣನ್ನು ಹತ್ತಿರಕ್ಕೆ, ಕಡ್ಡಿಯ ಮೇಲಕ್ಕೆ ತಂದೆ. ನಿಮ್ಮಪ್ಪ ಹೇಳಿದ್ದರಲ್ಲೂ ಅರ್ಧ ಸತ್ಯವಿತ್ತು ಎಂದಾಯಿತು. ಅವರಿಗೆ ಹೇಳಬೇಡ, ಹೇಳಿದರೆ ಊರೆಲ್ಲ ಡಂಗುರ ಹೊಡೆಯುತ್ತಾರೆ.

ಅಂಕ ಎಣಿಸಲೇ ಇಲ್ಲ. ಎಂಟು ಬಂದರೆ ಸರಿ ಎಂದೆ, ಒಂಬತ್ತು ಬಂದರೂ ಸರಿ ಎಂದೆ. ನಡುವೆ ಒಂದು ಆರು ಬಂತು, ಅದಕ್ಕೂ ಸರಿ ಎಂದೆ. ಕೊನೆಕೊನೆಗೆ ಪಕ್ಕದವಳೂ ಇಲ್ಲ, ಗಾಜೂ ಇಲ್ಲ, ಸೊನ್ನೆಯೂ ಇಲ್ಲ. ನನಗೆ ಅಷ್ಟು ಹಾಯಾಗಿ ಎಂದೂ ಇದ್ದದ್ದಿಲ್ಲ. ಕೊನೆಯ ಗುಂಡು ಹೋದ ಮೇಲೆ ಇನ್ನೊಂದು ತುಂಬಲು ಹೋದೆ. ಮುಗಿಯಿತು ಎಂದು ತೀರ್ಪುಗಾರ್ತಿ ಭುಜ ಮುಟ್ಟಿ ಹೇಳಬೇಕಾಯಿತು.

ಮುನ್ನೂರ ಇಪ್ಪತ್ತೇಳು.

ಸೊನ್ನೆಯನ್ನೂ ಸೇರಿಸಿ ಮುನ್ನೂರ ಇಪ್ಪತ್ತೇಳು. ಹೊಸಬರಲ್ಲಿ ಎರಡನೆಯ ಸ್ಥಾನ. ಮೊದಲನೆಯವಳು ಯಾರು ಗೊತ್ತೇ? ಅದೇ ಐದನೆಯ ಸಾಲಿನ ಹುಡುಗಿ, ಮುನ್ನೂರ ಮೂವತ್ತಮೂರು. ಆ ಹತ್ತು ನನ್ನ ಕಾರ್ಡಿಗೇ ಬಿದ್ದಿದ್ದರೆ ಮೊದಲ ಬಹುಮಾನ ನನಗೇ ಬರುತ್ತಿತ್ತು ಎಂದು ಕರ್ನಲ್ ಹಣೆ ಚಚ್ಚಿಕೊಂಡರು. ನನಗೆ ಲವಲೇಶವೂ ಬೇಸರವಾಗಲಿಲ್ಲ. ಆ ಹುಡುಗಿ ಬಂದು ತಬ್ಬಿಕೊಂಡು, "ಆಂಟಿ, ನಿಮ್ಮ ಗುಂಡು ನೋಡಿಯೇ ಹತ್ತು ಹೇಗಿರುತ್ತೆ ಅಂತ ಗೊತ್ತಾಗಿದ್ದು" ಎಂದಳು. ಸಾಲು ಇನ್ನು ನನ್ನದು. ಸಹಿ ಹಾಕಿ ಬಂದೆ.

ಹೊರಗೆ ಓಡಿಬಂದೆ. ಓಡಿದೆ ಎಂದರೆ ನಿಜವಾಗಿ ಓಡಿದೆ. ಕಾರಿನ ಮುಂದಿನ ಸೀಟು ಎರಡೂ ಖಾಲಿ. ಬಗ್ಗಿ ನೋಡಿದರೆ ನಿಮ್ಮಪ್ಪ ಹಿಂದಿನ ಸೀಟಿನಲ್ಲಿ ಮೂಲೆಗೆ ಒತ್ತಿಕೊಂಡು ಕೂತಿದ್ದರು.

"ಅಲ್ಲಿ ಯಾಕೆ ಕೂತ್ರಿ?"

"ಇಲ್ಲಿ ಬ್ರೇಕಿಲ್ಲ" ಎಂದರು.

ಆಮೇಲೆ ನೋಡಿದೆ. ಗೇಟಿನ ಕಂಬಕ್ಕೆ ಮೈಕಿನ ಸ್ಪೀಕರ್ ಕಟ್ಟಿತ್ತು. ಮೊದಲ ಗುಂಡಿನ ಸೊನ್ನೆ ಅವರಿಗೆ ಕೇಳಿಸಿದೆ. ಅದನ್ನು ಕೇಳಿಯೂ ಅಲ್ಲೇ ಕೂತಿದ್ದಾರೆ, ಅಷ್ಟು ಹೊತ್ತೂ. ನನ್ನ ನಲವತ್ತು ಗುಂಡಿಗಿಂತ ಅದು ಕಷ್ಟದ ಕೆಲಸ ಎಂದು ನನಗೆ ಗೊತ್ತು. "ಒಳಗೆ ಬರಬೇಕು ಅನ್ನಿಸಲಿಲ್ವಾ?" ಎಂದೆ. "ಬಾಗಿಲ ಹಿಡಿಕೆ ಕಿತ್ತು ಬಂದಿದೆ ನೋಡು" ಎಂದು ಕೈಯಲ್ಲಿದ್ದ ಹಿಡಿಕೆ ತೋರಿಸಿದರು.

ಅಂಕ ಹೇಳಿದೆ. ಸಾಲು ಸಿಕ್ಕಿತು ಎಂದೆ. ಅವರು ಬಾಯಿ ತೆರೆದರು. ಈಗ ಟ್ರಿಗರಿನ ವಿಷಯ ಬರುತ್ತದೆ ಎಂದು ಕಾದೆ. ಏನೂ ಬರಲಿಲ್ಲ. ಬಾಯಿ ತೆರೆದದ್ದು ಹಾಗೇ ಇತ್ತು, ಕಣ್ಣಿನಿಂದ ನೀರು ಇಳಿಯಿತು. ಇಷ್ಟು ವರ್ಷಗಳಲ್ಲಿ ಮೊದಲ ಸಲ ನಿಮ್ಮಪ್ಪನಿಗೆ ನನಗೆ ಹೇಳಿಕೊಡಲು ಏನೂ ಇರಲಿಲ್ಲ.

ನಿನ್ನ
ಅಮ್ಮ


ಸೆಪ್ಟೆಂಬರ್ 15

ಅಮ್ಮ ಮತ್ತು ಅಪ್ಪನಿಗೆ,

ಚಹಾ ಕೆಳಗಿಡಲು ಹೇಳಿದ್ದೆ, ಅಧಿಕಾರಿ ಕೇಳಲಿಲ್ಲ. ಈ ಸಲ ನೆತ್ತಿಗೇರಿದ್ದಲ್ಲ, ಮೇಜಿನ ಮೇಲೆ ಚೆಲ್ಲಿದರು. ಸೊನ್ನೆ ಎಂಬಲ್ಲಿ ಅಡುಗೆಯವರು ಎದ್ದು ಹೊರಗೆ ಹೋದರು, "ಮುಂದೆ ಓದಬೇಡ" ಎಂದು ಕಿಟಕಿಯಿಂದ ಹೇಳಿದರು. ಮುನ್ನೂರ ಇಪ್ಪತ್ತೇಳು ಎಂದು ನಾನು ಕೂಗಿದ ಮೇಲೆಯೇ ಒಳಗೆ ಬಂದದ್ದು. ಆ ದಿನ ನಾನು ಬಿಟ್ಟ ಬಲೂನಿನ ಮೇಲೆ ಸುಣ್ಣದಲ್ಲಿ 327 ಎಂದು ಬರೆದೆ. ಅದು ನಿಯಮಕ್ಕೆ ವಿರುದ್ಧ. ಅಧಿಕಾರಿ ಆ ಹೊತ್ತಿಗೆ ಸರಿಯಾಗಿ ಬೇರೆ ಕಡೆ ನೋಡುತ್ತಿದ್ದರು.

ಹಿಂದಿನ ಸೀಟಿನ ಭಾಗವನ್ನು ಮಾತ್ರ ಜೋರಾಗಿ ಓದಲಿಲ್ಲ. ಅದನ್ನು ನನ್ನ ಕೋಣೆಗೆ ತಂದು ಒಬ್ಬಳೇ ಓದಿದೆ. ಅತ್ತುಬಿಟ್ಟೆ. ಬರೆಯುವುದಕ್ಕೆ ನಾಚಿಕೆಯೇನಿಲ್ಲ.

ನವೆಂಬರಿನಲ್ಲಿ ರಜೆ ಕೇಳಿದ್ದೇನೆ, ಸಿಕ್ಕಿದೆ. ಅಮ್ಮಾ, ಆ ತಿಂಗಳು ನಿನಗೆ ಇನ್ನೊಂದು ಪಂದ್ಯ ಇದೆಯಂತೆ, ನಿನ್ನ ಪತ್ರದ ಜೊತೆ ಬಂದ ಅಪ್ಪನ ಕಾಗದದಲ್ಲಿ ಓದಿದೆ. ಅಪ್ಪ, ಪಂದ್ಯದ ದಿನ ಕಾರಿನಲ್ಲಿ ನಿಮ್ಮ ಪಕ್ಕ ಹಿಂದಿನ ಸೀಟಿನಲ್ಲಿ ನಾನೂ ಕೂರುತ್ತೇನೆ. ಜಾಗ ಬಿಡಿ. ಅಮ್ಮ ಒಳಗಿಂದ ಬರುವ ತನಕ ಇಬ್ಬರೂ ಕಾಯೋಣ.

ನಿಮ್ಮಿಬ್ಬರ
ಮಗಳು


ಅಕ್ಟೋಬರ್ 4

ಮಗಳೇ,

ನಿಮ್ಮಪ್ಪ ನಿನ್ನ ಪತ್ರವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದಾರೆ, ಆದ್ದರಿಂದ ಉತ್ತರ ನಾನೇ ಬರೆಯುತ್ತಿದ್ದೇನೆ. ಕಾರಿನಲ್ಲಿ ಕೂರುವುದು ಬೇಡ. ನೀನೂ ಬಾ, ಅವರನ್ನೂ ಕರೆದುಕೊಂಡು ಬಾ, ಗಾಜಿನ ಹತ್ತಿರವೇ ನಿಲ್ಲಿ. ಅವರು ಕಾಲು ಒತ್ತಲಿ, ನೀನು ಮೂಗು ಒತ್ತಿ ಹಂದಿಯಾಗು. ಬೆನ್ನ ಹಿಂದೆ ಯಾರಿದ್ದರೂ ಈಗ ನನ್ನ ಕೈ ನಡುಗುವುದಿಲ್ಲ.

ನಿನ್ನ
ಅಮ್ಮ